ದುರ್ಗದ ಕುರುಚಲು ಕಾಡಲ್ಲಿ ಸೈಕಲ್: ನಾನು ಸುತ್ತುವ ರೀತಿ

ಸೈಕಲ್ ಸುತ್ತಾಟ ಅಂದ ತಕ್ಷಣ ನಮ್ಮ ಜನ ಮಲೆನಾಡಿನ ಕಡೆ ನೋಡುತ್ತಾರೆ. ಚಿಕ್ಕಮಗಳೂರು, ಆಗುಂಬೆ, ಮಂಜು, ಹಸಿರು. ಚಿತ್ರದುರ್ಗದವರಿಗೂ ಅದೇ ಆಸೆ. ನಾನು ಹೇಳುವುದು ಬೇರೆ. ಗಾಡಿಗಳ ಕಾಟ ಇಲ್ಲದೆ, ಸುತ್ತ ನೋಡಿಕೊಂಡು, ಆರಾಮಾಗಿ ಪೆಡಲ್ ತುಳಿಯಬೇಕು ಅಂದರೆ ನಮ್ಮ ಕುರುಚಲು ಕಾಡು ಮತ್ತು ಕಾವಲಿಗಿಂತ (ಅಂದರೆ ದನ ಮೇಯುವ ಹುಲ್ಲುಗಾವಲಿಗಿಂತ) ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಘಟ್ಟದ ರಸ್ತೆಯಲ್ಲಿ ತಿರುವು ತಿರುವಿಗೂ ಬಸ್ಸು, ಲಾರಿ. ಎದುರಿಗೆ ಏನು ಬರುತ್ತಿದೆ ಅಂತಲೂ ಕಾಣುವುದಿಲ್ಲ. ಇಲ್ಲಿ ಎದೆಮಟ್ಟದ ಗಿಡ, ನಡುನಡುವೆ ಬಂಡೆ, ಮೇಲೆ ಪೂರ್ತಿ ಆಕಾಶ. ಕುರಿ ಮಂದೆ ಎಬ್ಬಿಸಿದ ಧೂಳು ಮೈಲಿ ದೂರದಿಂದಲೇ ಕಾಣುತ್ತದೆ.

ಮೊದಲು ದಾರಿಯ ವಿಷಯ. ನಾನು ಡಾಂಬರು ರಸ್ತೆಯನ್ನು ಊರು ದಾಟುವುದಕ್ಕೆ ಮಾತ್ರ ಬಳಸುತ್ತೇನೆ. ಹೆದ್ದಾರಿ ಹತ್ತಿರವೂ ಹೋಗುವುದಿಲ್ಲ. ಆಮೇಲೆ ಬಂಡಿ ದಾರಿ ಹಿಡಿಯುತ್ತೇನೆ. ಹಳ್ಳಿಯಿಂದ ಹೊಲಕ್ಕೆ, ಹೊಲದಿಂದ ಕಾಡಿನ ಅಂಚಿಗೆ, ಅಲ್ಲಿಂದ ಇನ್ನೊಂದು ಹಟ್ಟಿಗೆ ಹೋಗುವ ದಾರಿಗಳು ಇವು. ಮೊಬೈಲಿನ ಮ್ಯಾಪಲ್ಲಿ ಎಷ್ಟೋ ದಾರಿ ಇರುವುದೇ ಇಲ್ಲ. ಹಾಗಾಗಿ ಉಪಗ್ರಹ ಚಿತ್ರ ತೆರೆದು ತೆಳ್ಳಗಿನ ಕೆಂಪು ಗೆರೆ ಹುಡುಕುತ್ತೇನೆ, ಅದು ಎರಡು ಹಳ್ಳಿಗಳನ್ನು ಸೇರಿಸುತ್ತದಾ ಅಂತ ನೋಡುತ್ತೇನೆ, ಸೇರಿಸಿದರೆ ಅಲ್ಲಿ ಜನ ಓಡಾಡುತ್ತಾರೆ ಅಂತ ಅರ್ಥ, ಅಂದರೆ ಸೈಕಲ್ಲೂ ಹೋಗುತ್ತದೆ. ಅರ್ಧಕ್ಕೆ ನಿಲ್ಲುವ ಗೆರೆ ಸಾಮಾನ್ಯವಾಗಿ ಯಾರದೋ ಹೊಲ, ಇಲ್ಲವೇ ಕಲ್ಲು ಕ್ವಾರಿ. ಕ್ವಾರಿ ದಾರಿಯಲ್ಲಿ ಟಿಪ್ಪರ್ ಓಡಾಡುತ್ತವೆ, ಅದು ಬೇಡ.

ಇನ್ನು ಗಾಳಿ. ನಮ್ಮ ಕಡೆ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಹೊರಡಲೇಬಾರದು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಎಷ್ಟು ಜೋರು ಅಂದರೆ ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ. ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ನಾನು ಮನೆಯಿಂದ ಹೊರಬಿದ್ದ ಕೂಡಲೇ ನೋಡುವುದು ಅವನ್ನೇ. ರೆಕ್ಕೆಗಳು ಯಾವ ದಿಕ್ಕಿಗೆ ಮುಖ ಮಾಡಿ ತಿರುಗುತ್ತಿವೆಯೋ ಗಾಳಿ ಆ ದಿಕ್ಕಿನಿಂದ ಬರುತ್ತಿದೆ. ಕಾಲಲ್ಲಿ ಕಸುವು ಇರುವಾಗಲೇ ಅದಕ್ಕೆ ಎದುರಾಗಿ ಹೋಗುತ್ತೇನೆ. ಬರುವಾಗ ಗಾಳಿಯೇ ಬೆನ್ನಿಗೆ ಕೈಕೊಟ್ಟು ಮನೆಗೆ ತರುತ್ತದೆ. ಹೊಸಬರು ಉಲ್ಟಾ ಮಾಡುತ್ತಾರೆ. ಗಾಳಿಯ ಜೊತೆ ಖುಷಿಯಾಗಿ ದೂರ ಹೋಗಿ, ವಾಪಸ್ ಬರುವಾಗ ಬಿಸಿಲು, ಎದುರುಗಾಳಿ ಎರಡರಲ್ಲೂ ಸಿಕ್ಕಿಹಾಕಿಕೊಳ್ಳುತ್ತಾರೆ. ಆಮೇಲೆ ಸೈಕಲ್ ಮುಟ್ಟುವುದೇ ಇಲ್ಲ.

ಮುಳ್ಳಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಇಲ್ಲಿ ಪಂಕ್ಚರ್ ಆಗುವುದು ಮೊಳೆಯಿಂದಲ್ಲ, ಜಾಲಿಯಿಂದ. ಅದರಲ್ಲೂ ಬಳ್ಳಾರಿ ಜಾಲಿ. ಜನ ಬೇಲಿಗೆ ಅಂತ ಕಡಿದು ಎಳೆದುಕೊಂಡು ಹೋದ ದಾರಿಯಲ್ಲೆಲ್ಲ ಮುಳ್ಳು ಉದುರಿರುತ್ತದೆ, ಧೂಳಿನ ಬಣ್ಣದ್ದೇ ಆದ್ದರಿಂದ ಕಾಣುವುದೂ ಇಲ್ಲ. ನಾನು ಎರಡು ಇಂಚಿನ ದಪ್ಪ ಟೈರು ಹಾಕಿದ್ದೇನೆ. ಟೈರಿಗೂ ಟ್ಯೂಬಿಗೂ ನಡುವೆ ರಬ್ಬರಿನ ಪಟ್ಟಿ, ಟ್ಯೂಬಿನೊಳಗೆ ಸೀಲೆಂಟ್ ದ್ರಾವಣ. ಸಣ್ಣ ತೂತನ್ನು ಅದೇ ಮುಚ್ಚಿಕೊಳ್ಳುತ್ತದೆ. ಗಾಳಿಯನ್ನು ಗಟ್ಟಿಯಾಗಿ ತುಂಬಿಸುವುದಿಲ್ಲ. ಡಾಂಬರಿನ ಮೇಲೆ ಗಾಳಿಯ ಒತ್ತಡ 50 ಪಿಎಸ್‌ಐ ಸರಿ, ಗರಸು ದಾರಿಯಲ್ಲಿ 35ರ ಆಸುಪಾಸು ಇದ್ದರೆ ಟೈರು ನೆಲ ಹಿಡಿಯುತ್ತದೆ, ಬೆನ್ನಿಗೂ ಸುಖ. ಇಷ್ಟಾದರೂ ಒಂದು ಟ್ಯೂಬು, ಪಂಪು, ಪ್ಯಾಚು, ಟೈರು ಬಿಚ್ಚುವ ಪಟ್ಟಿ ಚೀಲದಲ್ಲಿ ಇರಲೇಬೇಕು. ಮುಳ್ಳು ಚುಚ್ಚಿದರೆ ಟ್ಯೂಬು ಬದಲಾಯಿಸುವ ಮೊದಲು ಟೈರಿನ ಒಳಗೆ ನಿಧಾನವಾಗಿ ಬೆರಳಾಡಿಸಿ ನೋಡಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿರುತ್ತದೆ. ಅದನ್ನು ತೆಗೆಯದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ.

ಸೈಕಲ್ ದುಬಾರಿಯದ್ದು ಬೇಕಿಲ್ಲ. ನನ್ನ ಹೆಂಡತಿ ಗೇರ್ ಇಲ್ಲದ ಸಾದಾ ಸೈಕಲ್ಲಿನಲ್ಲೇ ಜೊತೆಗೆ ಬರುತ್ತಾಳೆ. ಏರು ಬಂದರೆ ಇಬ್ಬರೂ ಇಳಿದು ತಳ್ಳುತ್ತೇವೆ. ಸೀಟಿನ ಎತ್ತರ ಮಾತ್ರ ಸರಿ ಮಾಡಿಕೊಳ್ಳಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲೆ ಇಟ್ಟಾಗ ಕಾಲು ನೆಟ್ಟಗಾಗಬೇಕು, ಅಷ್ಟೇ. ನಮ್ಮಲ್ಲಿ ಮುಕ್ಕಾಲು ಜನ ಸೀಟು ತಗ್ಗಿಸಿಕೊಂಡು ಓಡಿಸಿ ಮಂಡಿ ನೋವು ಅನ್ನುತ್ತಾರೆ.

ಮಳೆ ಬಿದ್ದ ಮೇಲೆ ನೆಲ ನೋಡಿ ಹೊರಡಿ. ಕೆಂಪು ಗರಸು ನೆಲ ಅರ್ಧ ದಿನದಲ್ಲಿ ಆರುತ್ತದೆ. ಎರೆ ಭೂಮಿ ಹಾಗಲ್ಲ. ಮಣ್ಣು ಟೈರಿಗೆ ಮೆತ್ತಿ, ಬ್ರೇಕಿನ ಹತ್ತಿರ ಗಟ್ಟಿಯಾಗಿ ಕೂತು ಚಕ್ರ ತಿರುಗುವುದೇ ನಿಂತುಹೋಗುತ್ತದೆ. ಕಡ್ಡಿ ತಗೊಂಡು ಕೆರೆದರೂ ನಾಲ್ಕು ಹೆಜ್ಜೆಗೆ ಮತ್ತೆ ಅದೇ ಪಾಡು. ಒಳ್ಳೆಯ ಕಾಲ ಅಂದರೆ ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಮೊದಲಿಗೆ ತಂಗಡಿಯ ಹಳದಿ ಹೂವು, ದಾರಿ ಪಕ್ಕ ಸೀತಾಫಲ. ಕೊನೆಗೆ ಎಲೆ ಉದುರಿದ ಮುತ್ತುಗದ ತುಂಬ ಕೆಂಪು ಹೂವು. ಒಣಗಿದ ಕಾಡು ಅಂತ ಮೂಗು ಮುರಿಯುವವರು ಆಗ ಒಮ್ಮೆ ಬಂದು ನೋಡಬೇಕು.

ಕರಡಿ ಇದೆ. ಚಿರತೆಯೂ ಇದೆ, ಆದರೆ ನಾನು ಲೆಕ್ಕ ಇಟ್ಟುಕೊಳ್ಳುವುದು ಕರಡಿಯನ್ನೇ. ಹಗಲಲ್ಲಿ ಬಂಡೆ ಸಂದಿಯಲ್ಲಿ ಮಲಗಿದ್ದು, ಸಂಜೆ ಗೆದ್ದಲು, ಹಣ್ಣು ಹುಡುಕಿಕೊಂಡು ಹೊರಬರುತ್ತದೆ, ಬೆಳಕು ಹರಿಯುವ ಹೊತ್ತಿಗೆ ವಾಪಸ್ ಹೋಗುತ್ತದೆ. ಅದಕ್ಕೆ ಕಣ್ಣು ಮಂದ. ಹತ್ತಿರ ಬರುವವರೆಗೂ ಗೊತ್ತಾಗದೆ, ಗಾಬರಿಯಾಗಿ ಮೈಮೇಲೆ ಬೀಳುತ್ತದೆ. ಸೈಕಲ್ ಸದ್ದು ಮಾಡುವುದಿಲ್ಲ ಅಲ್ವಾ, ಅದೇ ಅಪಾಯ. ಹಾಗಾಗಿ ಪೂರ್ತಿ ಬೆಳಕಾದ ಮೇಲೆ ಕಾಡಿನ ಅಂಚಿಗೆ ಹೋಗುತ್ತೇನೆ, ಸಂಜೆ ನಾಲ್ಕೂವರೆ ಒಳಗೆ ಅಲ್ಲಿಂದ ಹೊರಡುತ್ತೇನೆ, ಬಂಡೆ ಇರುವ ತಿರುವಿನಲ್ಲಿ ಬೆಲ್ ಹೊಡೆಯುತ್ತೇನೆ, ಮಾತಾಡಿಕೊಂಡು ಹೋಗುತ್ತೇನೆ. ಒಬ್ಬನೇ ಹೋಗುವುದಿಲ್ಲ. ಕಿವಿಗೆ ಇಯರ್‌ಫೋನ್ ಹಾಕುವುದಂತೂ ಇಲ್ಲವೇ ಇಲ್ಲ.

ಕುರಿ ಮಂದೆ ಎದುರಾದರೆ ಇಳಿಯಿರಿ. ಸೈಕಲ್ ನೋಡಿ ಕುರಿಗಳು ಚೆದುರಿದರೆ ಕಾಯುವವರಿಗೆ ಅರ್ಧ ಗಂಟೆ ಕೆಲಸ. ಮಂದೆ ನಾಯಿ ಬೊಗಳಿಕೊಂಡು ಬಂದರೆ ಓಡಿಸಲು ಹೋಗಬೇಡಿ, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಿಂತುಬಿಡಿ, ‘ಯಜಮಾನ್ರೇ, ನಾಯಿ ಕರ್ಕೊಳ್ಳಿ’ ಅನ್ನಿ. ನಾವು ತಳ್ಳಿಕೊಂಡು ಬರುವುದನ್ನು ಕಂಡು ಒಬ್ಬ ಯಜಮಾನರು ‘ಯಾಕಪ್ಪಾ, ಸೈಕಲ್ ಕೆಟ್ಟೈತಾ?’ ಅಂತ ಕೇಳಿದರು. ಸುಮ್ನೆ ಸುತ್ತಾಡಲು ಬಂದಿದ್ದೇವೆ ಅಂದೆ. ಕೂರಿಸಿಕೊಂಡು, ಮುಂದಿನ ಹಳ್ಳದಲ್ಲಿ ನೀರಿದೆ, ಆ ಕಡೆ ಬೇಡ, ಬಲಕ್ಕೆ ಕಮರದ ಮರ ಸಿಗುವವರೆಗೆ ಹೋಗಿ ಅಂತ ದಾರಿ ಹೇಳಿದರು. ಯಾವ ಮ್ಯಾಪೂ ಇಷ್ಟು ಹೇಳಲಾರದು. ಬುತ್ತಿಗೆ ನಾವು ಶೇಂಗಾ, ಬೆಲ್ಲ, ತಲಾ ಎರಡು ಲೀಟರ್ ನೀರು ಒಯ್ಯುತ್ತೇವೆ. ವಾಪಸ್ ಬರುವಾಗ ಹಳ್ಳಿ ಹೋಟೆಲ್‌ನಲ್ಲಿ ಮಂಡಕ್ಕಿ, ಮಿರ್ಚಿ.

ಕಾವಲಿನ ಮಾತು ನನಗೆ ಮನಸ್ಸಿಗೆ ಹತ್ತಿರದ್ದು. ಮೈಸೂರು ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ಸಾಕುತ್ತಿದ್ದ ಬೆಣ್ಣೆ ಚಾವಡಿಗೆ ಟಿಪ್ಪು ಕಾಲದಲ್ಲಿ ಅಮೃತ್ ಮಹಲ್ ಅಂತ ಹೆಸರಾಯಿತು. ಆ ದನಗಳು ಮೇಯಲಿ ಅಂತ ಬಿಟ್ಟ ಹುಲ್ಲುಗಾವಲುಗಳೇ ಈ ಕಾವಲುಗಳು. ಚಳ್ಳಕೆರೆ ಕಡೆಯ ಕಾವಲಿನ ದೊಡ್ಡ ಭಾಗ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಗಿದೆ. ಆ ಗೋಡೆಗಳ ಹತ್ತಿರ ಸುಳಿಯಬೇಡಿ. ಉಳಿದ ಕಡೆ ದಾರಿ ಬಿಟ್ಟು ಹುಲ್ಲಿನ ಮೇಲೆ ಸೈಕಲ್ ಹತ್ತಿಸಬೇಡಿ. ಗೌಜಲ, ಟಿಟ್ಟಿಭ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಕಾವಲನ್ನು ಬೀಳು ಜಾಗ ಅಂತ ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಸಾಲಾಗಿ ನೀಲಗಿರಿ ನೆಟ್ಟು ಕಾಡು ಮಾಡಿದೆವು ಅನ್ನುವುದೂ ಒಪ್ಪಿಗೆಯಿಲ್ಲ. ಇಂಗ್ಲೆಂಡಿನ ದಕ್ಷಿಣದಲ್ಲಿ ನ್ಯೂ ಫಾರೆಸ್ಟ್ ಅಂತ ಇದೆ. 11ನೇ ಶತಮಾನದಲ್ಲಿ ರಾಜ ಬೇಟೆಗೆ ಅಂತ ಇಟ್ಟುಕೊಂಡ ಜಾಗ, 2005ರಿಂದ ರಾಷ್ಟ್ರೀಯ ಉದ್ಯಾನ. ಒಂದಷ್ಟು ಮರಗಾಡು, ಒಂದಷ್ಟು ಕುರುಚಲು ಬಯಲು. ಹಳ್ಳಿಯವರ ಕುದುರೆ, ದನ ಅಲ್ಲಿ ಬಿಡುಬೀಸಾಗಿ ಮೇಯುತ್ತವೆ, ಅವು ಮೇಯುವುದರಿಂದಲೇ ಆ ಬಯಲು ಬಯಲಾಗಿ ಉಳಿದಿದೆ. ಕಾರು ಹೋಗದ ಗರಸು ದಾರಿಗಳನ್ನು ಸೈಕಲ್ಲಿಗೆ ಅಂತ ಗುರುತು ಮಾಡಿ, ದಾರಿ ಕೂಡುವ ಕಡೆ ನಂಬರಿನ ಕಂಬ ನೆಟ್ಟಿದ್ದಾರೆ. ಸೈಕಲ್ಲಿನವರು ಅದನ್ನು ಬಿಟ್ಟು ಆಚೆ ಇಳಿಯುವಂತಿಲ್ಲ. ನಮ್ಮ ಕಾಡಿನ ಅಂಚಿನ ಬಂಡಿ ದಾರಿಗಳಿಗೂ ನಂಬರ್ ಬರೆದ ಕಲ್ಲು ನೆಟ್ಟರೆ ಸಾಕು. ಡಾಂಬರು ಬೇಡ, ದೀಪ ಬೇಡ.

ಹೊಸದಾಗಿ ಶುರು ಮಾಡುವವರು ದೂರದ ಕಾವಲಿಗೆ ಹೋಗಬೇಡಿ. ಭಾನುವಾರ ಬಿಟ್ಟು ಬೇರೆ ದಿನ ಬೆಳಿಗ್ಗೆ ತಿಮ್ಮಣ್ಣನಾಯಕನ ಕೆರೆ ಕಡೆಯಿಂದ ಆಡುಮಲ್ಲೇಶ್ವರದವರೆಗೆ ಹೋಗಿ ಬನ್ನಿ. ಡಾಂಬರು ದಾರಿಯೇ, ಆದರೆ ಆ ಹೊತ್ತಿನಲ್ಲಿ ಗಾಡಿ ಕಡಿಮೆ, ನವಿಲು ಸಿಗುತ್ತವೆ. ಅಲ್ಲಿಂದ ಮುಂದೆ ಜೋಗಿಮಟ್ಟಿ ವನ್ಯಜೀವಿ ಧಾಮ. ಅರಣ್ಯ ಇಲಾಖೆಯವರನ್ನು ಕೇಳದೆ ಒಳಗೆ ಹೋಗಬೇಡಿ. ಬಿಟ್ಟರೂ ಏರು ಕಡಿದಾಗಿದೆ, ಬ್ರೇಕು ಗಟ್ಟಿ ಇಲ್ಲದ ಸೈಕಲ್ ಇಳಿಜಾರಿಗೆ ಬೇಡ. ಇನ್ನೊಂದು ದಿನ ಚಂದ್ರವಳ್ಳಿ. ಅಲ್ಲಿ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ ಇದೆ, ಕೆರೆಯ ಮಾತೇ ಅದರಲ್ಲಿದೆ. ದಾವಣಗೆರೆಯವರಿಗೆ ಕೊಂಡಜ್ಜಿ ಹತ್ತಿರ, ಕೆರೆಯೂ ಕಾಡೂ ಒಟ್ಟಿಗೇ ಇವೆ. ಈ ಸಣ್ಣ ಸುತ್ತು ಹೊಡೆದು ಮನೆಗೆ ಬಂದಾಗ ಇನ್ನೂ ಸ್ವಲ್ಪ ಹೋಗಬಹುದಿತ್ತು ಅನ್ನಿಸಿದರೆ, ಮುಂದಿನ ವಾರ ಬಂಡಿ ದಾರಿಗೆ ಇಳಿಯಿರಿ.