ತುಂಬಿದ ಬಕೆಟ್ ಖಾಲಿ ಮಾಡಲು ನಾನು ಕಂಡುಕೊಂಡ ದಾರಿ

ಗಾಡಿಯಲ್ಲಿ ಕಾಂಪೋಸ್ಟ್ ಟಾಯ್ಲೆಟ್ (ಫ್ಲಶ್ ನೀರಿಲ್ಲದೆ, ಮಲವನ್ನು ಪುಡಿಯೊಂದಿಗೆ ಬಕೆಟ್ಟಿನಲ್ಲಿ ಕೊಳೆಯಲು ಬಿಡುವಂಥದ್ದು) ಇಟ್ಟುಕೊಂಡು ಓಡಾಡುವವರಿಗೆ ದೊಡ್ಡ ತಲೆನೋವು ಒಂದೇ. ತುಂಬಿದ್ದನ್ನು ಎಲ್ಲಿ ಹಾಕೋದು? ನನ್ನ ಉತ್ತರ ಕೇಳಿ ಮುಖ ಸಿಂಡರಿಸಿದವರೇ ಜಾಸ್ತಿ. "ತುಂಬಿದ ಬಕೆಟ್ಟನ್ನ ಗಾಡಿಯಲ್ಲೇ ಇಟ್ಕೊಂಡು ತಿರುಗ್ತೀರಾ?" ಹೌದು, ತಿರುಗ್ತೀನಿ. ವಾಸನೆ ಇಲ್ಲ, ನೊಣ ಇಲ್ಲ. ಅವತ್ತು ಆಗಲ್ಲ ಅಂದವರಲ್ಲಿ ಕೆಲವರು ಈಗ ನನ್ನ ಹತ್ತಿರವೇ ಅಳತೆ ಕೇಳುತ್ತಾರೆ.

ಒಂದೇ ಅಳತೆಯ, 20 ಲೀಟರಿನ ಎರಡು ಬಕೆಟ್ ಬೇಕು. ಒಂದು ಬಳಕೆಯಲ್ಲಿ, ಇನ್ನೊಂದು ವಿಶ್ರಾಂತಿಯಲ್ಲಿ. ಮೂತ್ರ ಬೇರೆ ಕ್ಯಾನಿಗೆ ಹೋಗುತ್ತಿದ್ದರೆ ಇಬ್ಬರಿಗೆ ಒಂದು ಬಕೆಟ್ ಸುಮಾರು ಮೂರು ವಾರ ಬರುತ್ತದೆ. ತುಂಬಿದ ಮೇಲೆ ಎರಡು ಇಂಚು ಒಣ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸುರಿದು ಮುಚ್ಚಳ ಹಾಕುತ್ತೇನೆ. ಮುಚ್ಚಳಕ್ಕೆ ಬೆರಳಗಲದ ತೂತು, ಅದಕ್ಕೆ ಎರಡು ಪದರ ಸೊಳ್ಳೆ ಪರದೆ ಅಂಟಿಸಿದೆ. ಪೂರ್ತಿ ಬಿಗಿ ಮಾಡಿದರೆ ಒಳಗೆ ಗಾಳಿ ಕಟ್ಟಿ ಮುಚ್ಚಳ ಉಬ್ಬುತ್ತದೆ. ಎರಡನೆಯದು ತುಂಬುವ ಹೊತ್ತಿಗೆ ಮೊದಲನೆಯದು ಮೂರನೇ ಒಂದು ಭಾಗ ಕುಗ್ಗಿರುತ್ತದೆ. ತೆರೆದರೆ ಮಣ್ಣಿನ ವಾಸನೆ. ಕಾಗದದ ಚೂರು ಮಾತ್ರ ಅಲ್ಲಲ್ಲಿ ಕಾಣುತ್ತದೆ.

ಆದರೆ ಅದು ಇನ್ನೂ ಗೊಬ್ಬರ ಅಲ್ಲ, ಎತ್ತಿ ಸುರಿಯೋಕೆ ಸುಲಭ ಅಷ್ಟೇ. ಜಂತುಹುಳದ ಮೊಟ್ಟೆ ಅಷ್ಟು ಬೇಗ ಸಾಯುವುದಿಲ್ಲ. ಅದಕ್ಕೇ ಪರಿಚಯದವರ ಜಮೀನಿನಲ್ಲಿ ಕೇಳಿಕೊಂಡು ಒಂದು ತೊಟ್ಟಿ ಮಾಡಿಟ್ಟಿದ್ದೇನೆ. ಅಲ್ಲಿ ಕಮ್ಮಿ ಅಂದರೂ ಒಂದು ವರ್ಷ ಮುಟ್ಟುವ ಹಾಗಿಲ್ಲ, ಚಳಿ ಜಾಸ್ತಿ ಇರುವ ಕಡೆ ಎರಡು ವರ್ಷ. ಹಾಗಿದ್ದರೂ ತರಕಾರಿಗೆ ಹಾಕಲ್ಲ, ಮರದ ಬುಡಕ್ಕೆ ಮಾತ್ರ.

ಬಕೆಟ್ ಒಳಗೆ ಹಾಸುವ ಕರಗುವ ಚೀಲಕ್ಕೆ ನಾನು ಸುರಿದ ದುಡ್ಡು ಕಮ್ಮಿಯಲ್ಲ. ಮೂರು ವಾರಕ್ಕೆ ಚೀಲ ಬಕೆಟ್ ಒಳಗೇ ಕರಗತೊಡಗಿ, ಎತ್ತಿದಾಗ ತಳ ಬಿಟ್ಟುಕೊಂಡಿತು. ಚೀಲ ಬೇಕೇ ಬೇಕು ಅನ್ನುವವರು ವಾರಕ್ಕೊಮ್ಮೆ ಖಾಲಿ ಮಾಡಬೇಕು. ಕಟ್ಟಿ ಕಸಕ್ಕೆ ಹಾಕುವುದು ಆ ಊರಿನ ನಿಯಮ ಒಪ್ಪಿದರೆ ಮಾತ್ರ. ಫ್ಲಶ್ ಟಾಯ್ಲೆಟ್ಟಿಗೆ ಸುರಿಯುವ ಯೋಚನೆ ಬೇಡವೇ ಬೇಡ. ಕೋಕೋಪೀಟ್ ಪೈಪಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಕಾಡಿನಲ್ಲಿ ತೋಡುವ 15-20 ಸೆಂಟಿಮೀಟರ್ ಗುಂಡಿ ಒಬ್ಬರ ಒಂದು ಸಲಕ್ಕೆ, ಬಕೆಟ್ ಪೂರ್ತಿ ಹೂಳೋಕಲ್ಲ.

ಬಕೆಟ್ಟಿಗೆ ಹಾಕುವ ಪುಡಿಯ ವಿಷಯಕ್ಕೆ ಬಂದರೆ, 650 ಗ್ರಾಂ ಕೋಕೋಪೀಟ್ ಇಟ್ಟಿಗೆ ನೆನೆದರೆ ಎಂಟು ಲೀಟರಿನಷ್ಟು ಉಬ್ಬುತ್ತದೆ. ಪೊಟ್ಟಣದ ಮೇಲೆ ಬರೆದಷ್ಟು ನೀರು ನಾನು ಹಾಕುವುದಿಲ್ಲ, ಅರ್ಧ ಸಾಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಹನಿ ಬೀಳಬಾರದು. ನುಣ್ಣನೆಯ ಮರದ ಪುಡಿ ಪುಕ್ಕಟೆ ಸಿಗುತ್ತದೆ ಅಂತ ಅದನ್ನೂ ನೋಡಿದೆ, ಅಂಟಿನ ಹಾಗೆ ಮೆತ್ತಿಕೊಂಡಿತು. ಬೂದಿ ವಾಸನೆ ತಡೆದರೂ ತೊಟ್ಟಿಯಲ್ಲಿ ರಾಶಿ ಬಿಸಿಯೇ ಆಗಲಿಲ್ಲ. ತಳದ ಪದರಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ಮಳೆಗಾಲದಲ್ಲೂ ನಿಲ್ಲುತ್ತದಾ ನೋಡಿ ಆಮೇಲೆ ಹೇಳುತ್ತೇನೆ.

ಮೂತ್ರದ ಕ್ಯಾನು ಐದು ಲೀಟರಿನದು, ಇಬ್ಬರಿಗೆ ಒಂದೂವರೆ ದಿನ. ಖಾಲಿ ಕ್ಯಾನಿಗೆ ಮೊದಲೇ ಎರಡು ಚಮಚ ವಿನೆಗರ್ ಹಾಕಿದರೆ ಘಾಟು ಒಂದು ದಿನ ತಡವಾಗಿ ಏಳುತ್ತದೆ. ಸಿಟ್ರಿಕ್ ಆಸಿಡ್ ಇನ್ನೂ ಅಗ್ಗ, ಬಿಳಿ ಕರೆಯೂ ಕಟ್ಟಲ್ಲ. ಟಾಯ್ಲೆಟ್ ಸಿಕ್ಕರೆ ಅಲ್ಲೇ ಸುರಿಯುತ್ತೇನೆ. ಇಲ್ಲದಿದ್ದರೆ ಹತ್ತರಷ್ಟು ನೀರು ಬೆರೆಸಿ ಕೆರೆ, ಹಳ್ಳದಿಂದ 60 ಮೀಟರ್ ದೂರ ಚದುರಿಸುತ್ತೇನೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಅಲ್ಲ.

ಹಿಡಿ ತಿರುಗಿಸಿ ಕಲಕುವ ರೆಡಿಮೇಡ್ ಟಾಯ್ಲೆಟ್ ಡಬ್ಬಕ್ಕೆ ಕೊಟ್ಟ ದುಡ್ಡಲ್ಲಿ ಇಂಥ ಬಕೆಟ್ ಹತ್ತಾರು ಬರುತ್ತಿತ್ತು. ಈಗ ಅದರ ಗಾಳಿ ಹೊರಹಾಕುವ ಫ್ಯಾನ್ ಮಾತ್ರ ಬಿಚ್ಚಿ ಬಳಸುತ್ತೇನೆ. 12 ವೋಲ್ಟಿನದು, ಬ್ಯಾಟರಿಯಿಂದ ದಿನಕ್ಕೆ ಎರಡೂವರೆ ಆಂಪಿಯರ್-ಅವರ್ ಹತ್ತಿರ ಎಳೆಯುತ್ತದೆ.

ಬಕೆಟ್ ಸುರಿಯುವಾಗ ಗ್ಲೌಸ್ ಇರಲಿ. ತೊಳೆದ ನೀರನ್ನು ತೊಟ್ಟಿಯ ರಾಶಿಯ ಮೇಲೇ ಹಾಕಿ, ಒಣ ಎಲೆ ಮುಚ್ಚಿ. ಬಕೆಟ್ಟನ್ನು ಬಿಸಿಲಿಗೆ ಬೋರಲು ಹಾಕಿ, ಪೂರ್ತಿ ಒಣಗಿದ ಮೇಲೆ ಗಾಡಿಗೆ ಹತ್ತಿಸಿ.