ಹತ್ತು ತಂತಿ, ಮೂರು ಪೆಡಲ್, ಒಂದು ಹಾಳೆ

ಭಾವ ಅಮೆರಿಕದಿಂದ ಬರುವಾಗ ಹೊತ್ತು ತಂದ ಪೆಟ್ಟಿಗೆಯನ್ನು ಪುಣೆಯ ಕೋಥರೂಡಿನ ನಮ್ಮ ಮನೆಯ ಹಾಲ್‌ನಲ್ಲಿ ಬಿಚ್ಚಿ ಜೋಡಿಸುತ್ತಿದ್ದೆ. ಮೇಲಿನ ಮನೆಯ ಕಾಕಾ ಇಳಿದು ಬಂದು ನೋಡಿದವರೇ, "ಇದೇನಪಾ, ಹೊಲಿಗಿ ಮಷೀನ?" ಅಂದರು. ಅವರದೇನೂ ತಪ್ಪಿಲ್ಲ. ನಾಲ್ಕು ಕಾಲು, ಮೇಲೊಂದು ಹಲಗೆ, ಕೆಳಗೆ ಮೂರು ಪೆಡಲ್, ಮೊಣಕಾಲಿಗೆ ತಾಗುವಂತೆ ನಾಲ್ಕು ಲಿವರ್. ಮೇಲೆ ಹತ್ತು ತಂತಿ ಕಾಣದಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಅದು ಪೆಡಲ್ ಸ್ಟೀಲ್ ಗಿಟಾರ್.

ಕಾಕಾ ನಮ್ಮ ಧಾರವಾಡದವರೇ. ಪುಣೆಯಲ್ಲಿ ಬ್ಯಾಂಕ್ ನೌಕರಿ ಮುಗಿಸಿ ಈಗ ಮನೆಯಲ್ಲಿ ಹಾರ್ಮೋನಿಯಂ ನುಡಿಸಿಕೊಂಡಿದ್ದಾರೆ. ನನಗೆ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಬ್ರಿಜ್ ಭೂಷಣ್ ಕಾಬ್ರಾ ಅವರ ವಾದನ ಕೇಳಿ ಹುಚ್ಚು ಹತ್ತಿಸಿಕೊಂಡು, ಕಾಲೇಜಿನ ದಿನಗಳಲ್ಲಿ ಹವಾಯಿಯನ್ ಗಿಟಾರ್ ಕಲಿತಿದ್ದೆ. ಹಾಗಾಗಿ ಇದೂ ಅದರ ಅಣ್ಣನೋ ತಮ್ಮನೋ ಇರಬೇಕು, ಒಂದು ತಿಂಗಳಲ್ಲಿ ಕೈಗೆ ಬರುತ್ತದೆ ಅಂದುಕೊಂಡೆ. ಬರಲಿಲ್ಲ.

ಹವಾಯಿಯನ್ ಗಿಟಾರಿನಲ್ಲಿ ಸ್ವರ ಬದಲಾಗಬೇಕಾದರೆ ಉಕ್ಕಿನ ಬಾರ್ ಸರಿಯಬೇಕು. ಪೆಡಲ್ ಸ್ಟೀಲ್‌ನಲ್ಲಿ ಬಾರ್ ಇದ್ದಲ್ಲೇ ಇದ್ದು, ಕಾಲು ಒತ್ತಿದರೆ ಕೆಲವು ತಂತಿಗಳಷ್ಟೇ ಬಿಗಿಯಾಗುತ್ತವೆ, ಉಳಿದವು ಹಾಗೇ ಇರುತ್ತವೆ. ಎ ಪೆಡಲ್ 5 ಮತ್ತು 10ನೇ ತಂತಿಯನ್ನು ಒಂದು ಪೂರ್ಣ ಸ್ವರ ಏರಿಸುತ್ತದೆ, ಬಿ ಪೆಡಲ್ 3 ಮತ್ತು 6ನೆಯದನ್ನು ಅರ್ಧ ಸ್ವರ. ಎಡಮೊಣಕಾಲನ್ನು ಒಂದು ಕಡೆ ನೂಕಿದರೆ 4 ಮತ್ತು 8ನೇ ತಂತಿ ಅರ್ಧ ಸ್ವರ ಏರುತ್ತವೆ, ಇನ್ನೊಂದು ಕಡೆ ನೂಕಿದರೆ ಅಷ್ಟೇ ಇಳಿಯುತ್ತವೆ. ಬಲಗಾಲು ವಾಲ್ಯೂಮ್ ಪೆಡಲ್ ಮೇಲೆ. ಯಾವ ಸ್ವರ ಎಲ್ಲಿದೆ ಎಂದು ತಲೆಯಲ್ಲಿ ಲೆಕ್ಕ ಹಾಕುವಷ್ಟರಲ್ಲಿ ತಾಳ ಎರಡು ಆವರ್ತನ ಮುಂದೆ ಹೋಗಿರುತ್ತಿತ್ತು.

ಲೆಕ್ಕ ಅಂದಮೇಲೆ ಕಂಪ್ಯೂಟರ್ ಯಾಕಿದೆ? ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಹನ್ನೆರಡು ಸ್ವರಗಳಿಗೆ 0ಯಿಂದ 11ರವರೆಗೆ ಸಂಖ್ಯೆ. ತಂತಿಯ ಮೂಲ ಸಂಖ್ಯೆಗೆ ಫ್ರೆಟ್ (ಬಾರ್ ಇಡಲು ಅರ್ಧ ಸ್ವರಕ್ಕೊಂದರಂತೆ ಎಳೆದ ಗೆರೆ) ಸಂಖ್ಯೆ ಕೂಡಿಸು, ಪೆಡಲ್-ಲಿವರ್ ಏರಿಸಿದ್ದನ್ನು ಕೂಡಿಸು, ಇಳಿಸಿದ್ದನ್ನು ಕಳೆ, ಹನ್ನೆರಡರಿಂದ ಭಾಗಿಸಿ ಶೇಷ ತೆಗೆದುಕೋ. ಇಷ್ಟೇ.

ಮೂರು ಪೆಡಲ್, ನಾಲ್ಕು ಲಿವರ್ ಅಂದರೆ ಏಳು ಸ್ವಿಚ್ಚು, 128 ಜೋಡಣೆ. ಪ್ರೋಗ್ರಾಂ ಅಷ್ಟನ್ನೂ ಕೊಟ್ಟಿತು, ನನ್ನ ಕಾಲು ಒಪ್ಪಲಿಲ್ಲ. ಒಂದು ಮೊಣಕಾಲು ಒಂದೇ ಸಲ ಎಡಕ್ಕೂ ಬಲಕ್ಕೂ ಹೋಗುವುದಿಲ್ಲವಲ್ಲ! ನಡುವಿನ ಬಿ ಬಿಟ್ಟು ಎ ಮತ್ತು ಸಿ ಮಾತ್ರ ಒತ್ತುವ, ಇಲ್ಲವೇ ಮೂರನ್ನೂ ಒಟ್ಟಿಗೆ ಒತ್ತುವ ಪಾದ ನನಗಂತೂ ಇಲ್ಲ. ಆಗದ್ದನ್ನೆಲ್ಲ ಕಳೆದಾಗ ಪೆಡಲ್‌ಗೆ 6 ಸ್ಥಿತಿ, ಒಂದೊಂದು ಮೊಣಕಾಲಿಗೆ 3, ಒಟ್ಟು 54 ಉಳಿದವು. ಆದರೂ ತೆರೆದ ತಂತಿ ಸೇರಿ 25 ಸ್ಥಾನ, 10 ತಂತಿ ಎಂದು ಗುಣಿಸಿದರೆ 13,500 ಮನೆಗಳು. ಅದರಲ್ಲಿ ಮುಖ್ಯ ಅನ್ನಿಸಿದ್ದನ್ನು ಬಣ್ಣಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಅಪ್ಪಾ ಬಳವಂತ ಚೌಕದಲ್ಲಿ ಲ್ಯಾಮಿನೇಷನ್ ಮಾಡಿಸಿ, ಗೋಡೆಗೆ ಅಂಟಿಸಿದೆ. "ಏನ್ರೀ ಇದು, ಹತ್ತು ವರ್ಷದ ಕ್ಯಾಲೆಂಡರ್ ಒಮ್ಮೆಲೇ ತಂದೀರೇನು?" ಅಂದಳು ನನ್ನಾಕೆ. ಎರಡು ವಾರ ಅದರ ಮುಂದೆ ಕೂತು ನುಡಿಸಿದೆ. ಕಣ್ಣು ಗೋಡೆಯ ಮೇಲಿದ್ದರೆ ಬಾರ್ ತಪ್ಪುತ್ತಿತ್ತು, ಬಾರ್ ನೋಡಿದರೆ ಗೋಡೆ ಮರೆಯುತ್ತಿತ್ತು.

ದಾರಿ ತೋರಿಸಿದ್ದು ಕಾಕಾ. ಹಾಳೆಗಳನ್ನು ನೋಡಿ, "ಜಿ ಶಾರ್ಪು, ಎಫ್ ಶಾರ್ಪು... ಇವೆಲ್ಲ ಇರಲಿ. ನಿನ್ನ ಸಾ ಎಲ್ಲದ, ಮೊದಲ ಅದನ್ನ ಹೇಳು" ಅಂದರು.

ಆ ಭಾನುವಾರ ಇಂಗ್ಲಿಷ್ ಹೆಸರುಗಳನ್ನು ಕಿತ್ತುಹಾಕಿ ಸರಿಗಮ ಹಾಕಿದೆ. ನನ್ನದು ಇ-9 ಶ್ರುತಿ, ಹಾಗಾಗಿ ಇ ಸ್ವರವೇ ಸ. 10ನೇ ತಂತಿಯಿಂದ 1ನೆಯದಕ್ಕೆ ಓದುತ್ತ ಬಂದರೆ ಪ, ಕೋಮಲ ನಿ, ಸ, ರೇ, ಗ, ಪ, ಸ, ಗ, ನಿ, ರೇ. ಎ ಪೆಡಲ್ ಏನು ಮಾಡುತ್ತದೆ? ಪಂಚಮವನ್ನು ಧೈವತ ಮಾಡುತ್ತದೆ. ಬಿ ಪೆಡಲ್? ಗಾಂಧಾರವನ್ನು ಮಧ್ಯಮ. ಬಾರ್ ಅಲ್ಲಾಡಿಸದೆ ಬಿಲಾವಲ್ ರಾಗ ಪೂರ್ತಿ ಸಿಕ್ಕಿತು! ಭೂಪ್‌ಗೆ ಎ ಪೆಡಲ್ ಒಂದೇ ಸಾಕು. ಬಿ ಪೆಡಲನ್ನು ಕೆಳಗೇ ಹಿಡಿದು ಅದನ್ನೇ ನುಡಿಸಿದರೆ ದುರ್ಗಾ. ತಿಂಗಳುಗಟ್ಟಲೆ ಬೆರಳು ಸವೆಸಿದರೂ ಕಾಣದ್ದು ಇದು.

ಬಾರ್ ಎಲ್ಲಿಟ್ಟರೂ ಈ ಸಂಬಂಧ ಬದಲಾಗುವುದಿಲ್ಲ. 8ನೇ ಫ್ರೆಟ್‌ನಲ್ಲಿಟ್ಟರೆ ಸಿ ಸ್ವರ ಸ ಆಗುತ್ತದೆ, ಅಷ್ಟೇ. ಅಂದಮೇಲೆ ನಕ್ಷೆಯಲ್ಲಿ ಫ್ರೆಟ್ ಯಾಕೆ ಬೇಕು? ಪ್ರೋಗ್ರಾಂನಿಂದ ಫ್ರೆಟ್ ಕಾಲಂ ತೆಗೆದೇಬಿಟ್ಟೆ. ಅಡ್ಡಕ್ಕೆ ಹತ್ತು ತಂತಿ, ಉದ್ದಕ್ಕೆ ಕಾಲಿನ ಸ್ಥಿತಿ. ಗೋಡೆ ತುಂಬಿದ್ದದ್ದು ಒಂದು ಹಾಳೆಗೆ ಇಳಿಯಿತು.

ನಡುವೆ ಒಂದು ಎಡವಟ್ಟು ಆಯಿತು. ಆರೋಹಣವನ್ನು ಪ್ರೋಗ್ರಾಂನಿಂದಲೇ ಬರೆಸಲು ಹೋದಾಗ ಸ್ವರಗಳು ಹಿಂದುಮುಂದಾಗಿ ಬಂದವು. ಈ ವಾದ್ಯದಲ್ಲಿ ಅತಿ ಎತ್ತರದ ತಂತಿ 1ನೆಯದಲ್ಲ, 3ನೆಯದು. 1 ಮತ್ತು 2 ಅದಕ್ಕಿಂತ ತಗ್ಗಿನವು. ಶೇಷ ತೆಗೆಯುವ ಭರದಲ್ಲಿ ನಾನು ಸಪ್ತಕವನ್ನೇ ಕಳೆದುಕೊಂಡಿದ್ದೆ. 0–11 ಬಿಟ್ಟು ಮಿಡಿ ಸಂಖ್ಯೆ (ಕಂಪ್ಯೂಟರ್ ಸಂಗೀತದಲ್ಲಿ ಸಪ್ತಕವೂ ಸೇರಿ ಪ್ರತಿ ಸ್ವರಕ್ಕೆ ಕೊಡುವ ಸಂಖ್ಯೆ) ಹಾಕಿದೆ: 10ನೇ ತಂತಿಗೆ 47, 3ನೆಯದಕ್ಕೆ 68. ಸರಿಹೋಯಿತು. ಎಲ್ಲಕ್ಕಿಂತ ಹೆಚ್ಚು ತುಂಡಾಗುವುದೂ ಆ 3ನೆಯದೇ, ಕೂದಲಿನಂಥ 0.011 ಇಂಚಿನ ತಂತಿ.

ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಭಾವಗೀತೆಗಳ ಜೊತೆಗೆ ನುಡಿಸಬೇಕಿತ್ತು, ಅದಕ್ಕೆ ಕಾರ್ಡ್‌ಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳು, ಬೇಕು. ಸ-ಗ-ಪ ಒಟ್ಟಿಗೆ ಎಲ್ಲೆಲ್ಲಿ ಸಿಗುತ್ತದೆ ಎಂದು ಹುಡುಕಿಸಿದೆ. ಸ ಇರುವ ಫ್ರೆಟ್‌ನಲ್ಲಿ ಕಾಲು ಬಿಟ್ಟು, ಮೂರು ಫ್ರೆಟ್ ಮುಂದೆ ಎ ಪೆಡಲ್ ಜೊತೆ ಏರಿಸುವ ಲಿವರ್, ಏಳು ಫ್ರೆಟ್ ಮುಂದೆ ಎ-ಬಿ ಎರಡೂ. ಪುಸ್ತಕದಲ್ಲೂ ಇದೇ ಇದೆ. ನಾನು ನಿರೀಕ್ಷಿಸದೆ ಸಿಕ್ಕದ್ದು ಬೇರೆ: ಇಳಿಸುವ ಲಿವರ್ ಒತ್ತಿ 4, 5, 7ನೇ ತಂತಿ ಮೀಟಿದರೆ ಅದೇ ಫ್ರೆಟ್‌ನಲ್ಲೇ ಪಂಚಮದ ಕಾರ್ಡ್. ಎ-ಬಿ ಒತ್ತಿದರೆ ಮಧ್ಯಮದ್ದು ಅಲ್ಲೇ ಇದೆ. ನಮ್ಮ ಎಷ್ಟೋ ಭಾವಗೀತೆಗಳು ಈ ಮೂರರಲ್ಲೇ ಮುಗಿಯುತ್ತವೆ.

ತಾಲೀಮಿನಲ್ಲಿ ಮಾತ್ರ ಕಾಕಾ ಮುಖ ಸಿಂಡರಿಸಿದರು. ಸ್ವರ ಸರಿಯಾದದ್ದೇ, ಆದರೆ ಹಾರ್ಮೋನಿಯಂ ಜೊತೆ ಗಾಂಧಾರ ಕೂಡುತ್ತಿರಲಿಲ್ಲ. ನಾನು ಕಿವಿಯಿಂದ ಶ್ರುತಿ ಮಾಡಿದ ಗಾಂಧಾರ ಸ-ದಿಂದ 386 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ), ಹಾರ್ಮೋನಿಯಂದು 400. ಮಿಡಿ ಸಂಖ್ಯೆಗೆ ಈ ಹದಿನಾಲ್ಕು ಸೆಂಟ್ ಗೊತ್ತೇ ಇಲ್ಲ. ಹಾಳೆಗೆ ಸೆಂಟ್ ಕಾಲಂ ಸೇರಿಸಿದೆ. ಎ ಪೆಡಲ್ ಮತ್ತು ಏರಿಸುವ ಲಿವರ್ ಕೂಡಿದಲ್ಲಿ ಬಾರ್ ಗೆರೆಗಿಂತ ಕೂದಲೆಳೆಯಷ್ಟು ಮುಂದಿರಬೇಕಾದದ್ದು ಯಾಕೆ ಎಂಬುದೂ ಆಗಲೇ ಹೊಳೆಯಿತು. ನನ್ನ ಶ್ರುತಿಯಲ್ಲಿ ಅಲ್ಲಿನ ಮೂಲಸ್ವರ ಸುಮಾರು 16 ಸೆಂಟ್ ತಗ್ಗು. ಕಾಕಾ ಹಾರ್ಮೋನಿಯಂ ಮೇಲೆ ಗಾಂಧಾರ ಹಚ್ಚುವುದನ್ನೇ ಬಿಟ್ಟು ನನ್ನನ್ನು ಕಾಪಾಡಿದರು.

ಈಗ ಭೀಮಪಲಾಸಿನ ಹಾಳೆ ನಡೆದಿದೆ. ಸ-ದಿಂದ ಮೂರು ಫ್ರೆಟ್ ಮುಂದೆ ಬಾರ್ ಇಟ್ಟು 10, ಎ ಒತ್ತಿ 10, ಆಮೇಲೆ 8, 7, 6, 5, ಮತ್ತೆ ಎ ಒತ್ತಿ 5. ನಿ ಸ ಗ ಮ ಪ ನಿ ಸ, ಆರೋಹಣ ಪೂರ್ತಿ. ಅವರೋಹಣದ ರೇ ಇಳಿಸುವ ಲಿವರಿನಲ್ಲಿದೆ. ಧೈವತದ ಮನೆ ಮಾತ್ರ ಖಾಲಿ. ಅದಕ್ಕೆ ಮೊಣಕಾಲನ್ನು ಮೇಲಕ್ಕೆತ್ತಿ ಒತ್ತುವ ಐದನೇ ಲಿವರ್ ಬೇಕು, ನನ್ನದರಲ್ಲಿ ಇಲ್ಲ. 5ನೇ ತಂತಿಯ ಮೇಲೆ ಬಾರ್ ಒಂದು ಫ್ರೆಟ್ ಹಿಂದೆ ಜಾರಿಸಿಕೊಳ್ಳುತ್ತಿದ್ದೇನೆ. ಕಾಕಾ ಆ ಖಾಲಿ ಮನೆಯ ಮೇಲೆ ಬೆರಳಿಟ್ಟು, "ಇದನ್ನ ಹಿಂಗ ಬಿಡು. ಜಾರಿ ಬಂದದ್ದ ಛಲೋ ಕೇಳಸ್ತದ" ಅಂದಿದ್ದಾರೆ.