ಹಳೇ ಫ್ಲೋರಿಮೀಟರಿನಲ್ಲೇ ಕಿಡ್ನಿಯ ಎಜಿಇ ಅಳೆದೆ

ಡಯಾಬಿಟಿಸ್ ಇಲಿಯ ಕಿಡ್ನಿಯಲ್ಲಿ ಸಕ್ಕರೆ ಎಷ್ಟು ಪ್ರೋಟೀನ್ ಹಾಳು ಮಾಡಿದೆ, ಅಂದರೆ ಪ್ರೋಟೀನಿಗೆ ಸಕ್ಕರೆ ಅಂಟಿ ಎಷ್ಟು ಎಜಿಇ ಆಗಿದೆ ಅಂತ, ಹೊಳಪು ಅಳೆಯುವ ನಮ್ಮ ಹಳೇ ಫ್ಲೋರಿಮೀಟರಿನಲ್ಲೇ ಅಳೆಯುತ್ತೇನೆ ಎಂದಾಗ ಲ್ಯಾಬಿನವರು ನಕ್ಕರು. ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ ಬೇಕು, ಇಲ್ಲಾಂದ್ರೆ ಆಂಟಿಬಾಡಿ ಬಳಸುವ ಎಲೈಸಾ ಕಿಟ್ಟಾದರೂ ಬೇಕು ಅಂದರು. ಆಗ ಕಿಟ್ಟಿಗೆ ಹತ್ತಿರ ಹತ್ತಿರ 60 ಸಾವಿರ. ನನ್ನ ವರ್ಷದ ಕಂಟಿಂಜೆನ್ಸಿ ದುಡ್ಡು ಅದರ ಅರ್ಧವೂ ಇರಲಿಲ್ಲ. ಹಲವು ಎಜಿಇಗಳು ಬೆಳಕು ಬಿಟ್ಟರೆ ತಾವೇ ಹೊಳೆಯುತ್ತವೆ. 370 ನ್ಯಾನೋಮೀಟರಿನಲ್ಲಿ ಬೆಳಕು ಬಿಟ್ಟು 440ರಲ್ಲಿ ಓದುವುದಕ್ಕೆ ಖರ್ಚೇನಿದೆ?

ಮೊದಲು ಟ್ಯೂಬಿನಲ್ಲೇ ನೋಡೋಣ ಅಂತ ಹಸುವಿನ ರಕ್ತದ ಪ್ರೋಟೀನಾದ ಬಿಎಸ್‌ಎಗೆ ಗ್ಲೂಕೋಸ್ ಸೇರಿಸಿ 37 ಡಿಗ್ರಿಯಲ್ಲಿ ಇಟ್ಟೆ. ಎರಡು ಮೂರು ವಾರಕ್ಕೆ ಎಲ್ಲ ಕದಡಿ ನಾರತೊಡಗಿತು. ಬ್ಯಾಕ್ಟೀರಿಯಾ! ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಅಜೈಡ್ ಜೊತೆಗೆ 0.2 ಮೈಕ್ರಾನ್ ಫಿಲ್ಟರೂ ಹಿಡಿದ ಮೇಲೆ ಸರಿಹೋಯಿತು. ಮಧ್ಯೆ ಸುಮ್ನೆ ಕುತೂಹಲಕ್ಕೆ ಗ್ಲೂಕೋಸ್ ಬದಲು ರೈಬೋಸ್ ಎಂಬ ಇನ್ನೊಂದು ಸಕ್ಕರೆ ಹಾಕಿದೆ. ಒಂದು ವಾರದೊಳಗೇ ಕಂದು! ಸಮಯ ಇಲ್ಲದವರಿಗೆ ಅದೇ ಒಳ್ಳೆಯದು. ಎಜಿಇ ತಡೆಯುತ್ತದೇನೋ ಅಂತ ಅರಿಶಿನದ ಕರ್ಕ್ಯುಮಿನ್ನನ್ನೂ ಹಾಕಿ ನೋಡಿದೆ. ರೀಡಿಂಗ್ ಧಡಕ್ಕನೆ ಇಳಿಯಿತು. ಖುಷಿಪಡಬೇಡಿ, ಆ ಹಳದಿ ಬಣ್ಣವೇ ಬೆಳಕನ್ನು ನುಂಗಿರುತ್ತದೆ. ಗಿಡಮೂಲಿಕೆ ಸಾರ ಹಾಕಿ 'ಎಜಿಇ ತಡೆಯಿತು' ಅನ್ನುವವರ ಗ್ರಾಫ್ ನೋಡಿದಾಗಲೆಲ್ಲ ನನಗೆ ಈ ಅನುಮಾನ.

ಇಲಿಗಳದ್ದು ಬೇರೆಯೇ ಕಥೆ. ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ಕೊಂದು ಡಯಾಬಿಟಿಸ್ ತರಿಸುವ ಸ್ಟ್ರೆಪ್ಟೋಜೋಟೋಸಿನ್ ಆಗ ಗ್ರಾಂಗೆ 20 ಸಾವಿರದ ಆಸುಪಾಸು ಇತ್ತು. ತಣ್ಣನೆಯ ಸಿಟ್ರೇಟ್ ಬಫರಿನಲ್ಲಿ ಕರಗಿಸಿ ಕೂಡಲೇ ಚುಚ್ಚಬೇಕು, ತಡವಾದರೆ ದುಡ್ಡು ನೀರುಪಾಲು. ಮೊದಲ ಬ್ಯಾಚಿನಲ್ಲಿ ಕಾಲುಭಾಗದಷ್ಟು ಇಲಿಗಳು ರಾತ್ರಿಯೇ ಸತ್ತವು. ಬೀಟಾ ಕೋಶ ಒಡೆದು ಇನ್ಸುಲಿನ್ ಒಮ್ಮೆಗೇ ಹೊರಬಂದು ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಆಮೇಲಿನ ಬ್ಯಾಚಿಗೆ ರಾತ್ರಿಯಿಡೀ ಗ್ಲೂಕೋಸ್ ನೀರು ಇಟ್ಟೆ, ಬದುಕಿದವು. ಬದುಕಿದ ಇಲಿಗಳು ಉಚ್ಚೆ ಹೊಯ್ದು ಹೊಯ್ದು ಗೂಡಿಗೆ ಹಾಸುವ ಭತ್ತದ ಹೊಟ್ಟಿನ ಖರ್ಚನ್ನೂ ಏರಿಸಿದವು.

ಮೂರು ತಿಂಗಳು ಕಾದು ಕಿಡ್ನಿ ತೆಗೆದರೆ, ಡಯಾಬಿಟಿಸ್ ಇಲಿಯದ್ದೇ ನಾರ್ಮಲ್‌ಗಿಂತ ಕಡಿಮೆ ರೀಡಿಂಗ್! ಮತ್ತೆ ನಗು. ಕಾರಣ ರಕ್ತ. ಹೀಮೋಗ್ಲೋಬಿನ್ ಆ ಬೆಳಕನ್ನೆಲ್ಲ ಹೀರಿಬಿಡುತ್ತದೆ. ಮುಂದಿನ ಸಲ ಕಿಡ್ನಿ ಕೀಳುವ ಮುಂಚೆ ತಣ್ಣನೆಯ ಸಲೈನ್ ಹಾಯಿಸಿ, ಪೂರ್ತಿ ಬಿಳಚುವವರೆಗೆ ತೊಳೆದೆ. ಕ್ಲೋರೋಫಾರ್ಮ್-ಮೆಥನಾಲಿನಲ್ಲಿ ಕೊಬ್ಬು ತೆಗೆದೆ. ಅಂಗಾಂಶದ ನಾರಿನಂಥ ಪ್ರೋಟೀನ್ ಕೊಲಾಜನ್ ಕತ್ತರಿಸುವ ಕಿಣ್ವ ಕೊಲಾಜಿನೇಸ್ ದುಬಾರಿ, ಹಾಗಾಗಿ ಹೊಟ್ಟೆಯ ಕಿಣ್ವ ಪೆಪ್ಸಿನ್‌ನಲ್ಲೇ ಅರಗಿಸಿದೆ. ಎಷ್ಟು ಪೆಪ್ಸಿನ್, ಎಷ್ಟು ಹೊತ್ತು ಅನ್ನುವುದು ನನ್ನ ಹತ್ತಿರವೇ ಇರಲಿ. ಕಿಡ್ನಿ ಇಲ್ಲದೆ ಬರೀ ಪೆಪ್ಸಿನ್ ಹಾಕಿದ ಬ್ಲ್ಯಾಂಕ್ ಟ್ಯೂಬು ಮಾತ್ರ ಮರೆಯಬೇಡಿ.

ಲೆಕ್ಕವನ್ನು ಕಿಡ್ನಿಯ ತೂಕಕ್ಕೆ ಹಾಕಲಿಲ್ಲ. ಡಯಾಬಿಟಿಸ್‌ನಲ್ಲಿ ಕಿಡ್ನಿಯೇ ಊದಿಕೊಳ್ಳುತ್ತದೆ ಅಲ್ವಾ? ಕೊಲಾಜನ್ ಎಷ್ಟಿದೆ ಅಂತ ಹೇಳುವ ಹೈಡ್ರಾಕ್ಸಿಪ್ರೋಲಿನ್ ಅಳೆದು, ಕೊಲಾಜನ್‌ಗೆ ಎಷ್ಟು ಹೊಳಪು ಎಂದು ನೋಡಿದೆ. ಕೊಲಾಜನ್ ಬೇಗ ಬದಲಾಗುವ ಪ್ರೋಟೀನ್ ಅಲ್ಲ. ಸಕ್ಕರೆ ನಿಧಾನಕ್ಕೆ ಅಂಟಿ, ಎಳೆ ಎಳೆಗೆ ಕೊಂಡಿ ಬಿದ್ದು, ಕರಗದೆ ಅಲ್ಲೇ ಉಳಿಯುತ್ತದೆ. ಸೋಸುವ ಪೊರೆ ದಪ್ಪವಾಗುತ್ತದೆ, ಆದರೂ ಆಲ್ಬುಮಿನ್ ಸೋರುತ್ತದೆ. ಈ ಸಲ ಡಯಾಬಿಟಿಸ್ ಗುಂಪಿನ ಹೊಳಪು ನಾರ್ಮಲ್‌ನ ಸುಮಾರು ಒಂದೂವರೆ ಪಟ್ಟು ಬಂತು. ಮೂತ್ರದ ಆಲ್ಬುಮಿನ್ ಕೂಡ ಏರಿತ್ತು.

ಅದೇ ಬ್ಯಾಚಿನ ಕೆಲವು ಇಲಿಗಳಿಗೆ ಕುಡಿಯುವ ನೀರಿನಲ್ಲಿ ಎಜಿಇ ಆಗದಂತೆ ತಡೆಯುವ ಅಮೈನೋಗ್ವಾನಿಡಿನ್ ಕೊಟ್ಟಿದ್ದೆ. ರಕ್ತದ ಸಕ್ಕರೆ ಇಳಿಯಲೇ ಇಲ್ಲ, ಕಿಡ್ನಿಯ ಹೊಳಪು ಮಾತ್ರ ಚೆನ್ನಾಗಿಯೇ ಇಳಿಯಿತು. ಆ ಗ್ರಾಫ್ ನೋಡಿದ ಮೇಲೆ ಯಾರೂ ನಗಲಿಲ್ಲ. ಈಗ ಫ್ಲೋರಿಮೀಟರ್ ಬೇಕೆಂದರೆ ನಾನೇ ಬುಕ್ ಮಾಡಿ ಕಾಯಬೇಕು. ಸಿಎಂಎಲ್ ಎಂಬ ಎಜಿಇಯನ್ನೇ ಅಳೆಯಬೇಕೆನ್ನುವವರಿಗೆ ಈ ದಾರಿ ಆಗಿಬರುವುದಿಲ್ಲ. ಅದು ಹೊಳೆಯುವುದೇ ಇಲ್ಲ, ಕಿಟ್ಟು ಕೊಳ್ಳಲೇಬೇಕು.